ಹಣ್ಣಾದ ದ್ರಾಕ್ಷಿ ಕಾಯುವುದಿಲ್ಲ

ದ್ರಾಕ್ಷಿ ಬೆಳೆದವರಿಗೆ ಗೊತ್ತು, ಹಣ್ಣಾದ ಗೊಂಚಲು ಬಹಳ ದಿನ ಕಾಯುವುದಿಲ್ಲ. ಕಟಾವಿನ ಆ ಕೆಲವು ವಾರ ಕೂಲಿಯವರು ಬೇಕೇ ಬೇಕು. ಆಮೇಲೆ ಅವರನ್ನು ಕೇಳುವವರಿಲ್ಲ. ಸುಗ್ಗಿಗೆ ಬರುವ ಕೂಲಿಯವರಿಗಿರುವ ಬಲವೂ ಆ ಕೆಲವು ವಾರದ್ದೇ. ಅದು ಯಾವಾಗ ಕೈ ಹಿಡಿಯುತ್ತದೆ ಎನ್ನುವುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಥೆ ಇದೆ.

ಅಲ್ಲಿ ದ್ರಾಕ್ಷಿ ಕಟಾವು ಬೇಸಿಗೆಯ ಜೊತೆ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಕೂಲಿಯವರೂ ಅದರ ಹಿಂದೆಯೇ ಗುಳೆ ಹೋಗುತ್ತಿದ್ದರು. ಅಮೆರಿಕ 1935ರಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ರಕ್ಷಣೆ ಕೊಟ್ಟಾಗ ಹೊಲದ ಕೂಲಿಯವರನ್ನು ಹೊರಗಿಟ್ಟಿತ್ತು.

1965ರ ಮೇ ತಿಂಗಳು. ದಕ್ಷಿಣದ ಕೋಚೆಲ್ಲಾ ಕಣಿವೆಯಲ್ಲಿ ಫಿಲಿಪಿನೋ ಕೂಲಿಯವರು ಕೆಲಸ ನಿಲ್ಲಿಸಿ, ಗಂಟೆಗೆ 1.40 ಡಾಲರ್ ಪಡೆದರು. ಸೆಪ್ಟೆಂಬರ್‌ನಲ್ಲಿ ಡೆಲಾನೋಗೆ ಬಂದಾಗ ಅಲ್ಲಿನ ಮಾಲೀಕರು ಅಷ್ಟು ಕೊಡಲು ಒಪ್ಪಲಿಲ್ಲ. ಸೆಪ್ಟೆಂಬರ್ 8ರಂದು ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದಲ್ಲಿ ಅವರು ಮುಷ್ಕರ ಹೂಡಿದರು.

ಮಾಲೀಕರ ಹಳೆಯ ಉಪಾಯ ಒಂದಿತ್ತು. ಫಿಲಿಪಿನೋಗಳು ಕೆಲಸ ಬಿಟ್ಟರೆ ಮೆಕ್ಸಿಕೋ ಮೂಲದವರನ್ನು ಕರೆಯುವುದು, ಇವರು ಬಿಟ್ಟರೆ ಅವರನ್ನು ಕರೆಯುವುದು. ಇದನ್ನು ಬಲ್ಲ ಇಟ್ಲಿಯಾಂಗ್, ಮೆಕ್ಸಿಕನ್ ಕೂಲಿಯವರ ಸಂಘ ಕಟ್ಟುತ್ತಿದ್ದ ಸೀಸರ್ ಚಾವೇಜ್ ಮತ್ತು ಡೊಲೊರೆಸ್ ಹ್ಯುಯರ್ಟಾ ಅವರ ಬೆಂಬಲ ಕೇಳಿದರು. ಇನ್ನೂ ತಯಾರಾಗಿಲ್ಲ ಎಂಬ ಅಳುಕು ಚಾವೇಜ್‌ಗೆ ಇತ್ತು. ಆದರೂ ಸೆಪ್ಟೆಂಬರ್ 16ರಂದು ಆ ಸಂಘದವರು ಸಭೆ ಸೇರಿ, ಮುಷ್ಕರಕ್ಕೆ ಕೈ ಜೋಡಿಸಲು ತೀರ್ಮಾನಿಸಿದರು.

ಚಾವೇಜ್ ಗಾಂಧೀಜಿಯ ಅಹಿಂಸೆಯನ್ನು ನಂಬಿದವರು. 1966ರಲ್ಲಿ ಡೆಲಾನೋದಿಂದ ರಾಜಧಾನಿ ಸ್ಯಾಕ್ರಮೆಂಟೋಗೆ ಸುಮಾರು 300 ಮೈಲಿ ಪಾದಯಾತ್ರೆ ನಡೆಯಿತು. ದಾರಿಯಲ್ಲಿರುವಾಗಲೇ, ವೈನ್ ದ್ರಾಕ್ಷಿ ಬೆಳೆಯುತ್ತಿದ್ದ ಶೆನ್ಲೀ ಕಂಪನಿ ಸಂಘಕ್ಕೆ ಮಾನ್ಯತೆ ಕೊಡಲು ಒಪ್ಪಿತು. ಆ ವರ್ಷವೇ ಎರಡೂ ಸಂಘ ಒಂದಾದವು.

ತಿನ್ನುವ ದ್ರಾಕ್ಷಿಯ ಮಾಲೀಕರು ಮಾತ್ರ ಬಗ್ಗಲಿಲ್ಲ. ಹೊರಗಿನಿಂದ ಆಳು ತಂದು ಕಟಾವು ಮಾಡಿಸಿದರು. ಆಗ ಹೋರಾಟ ತೋಟದಿಂದ ಪೇಟೆಗೆ ಹೋಯಿತು. ಕೂಲಿಯವರು ಊರೂರಿಗೆ ಹೋಗಿ, ಈ ದ್ರಾಕ್ಷಿ ಕೊಳ್ಳಬೇಡಿ ಎಂದು ಕೇಳಿಕೊಂಡರು. ಲಕ್ಷಾಂತರ ಜನ ದ್ರಾಕ್ಷಿ ಬಿಟ್ಟರು. ಕೊನೆಗೆ 1970ರ ಜುಲೈ 29ರಂದು ಡೆಲಾನೋದ ದೊಡ್ಡ ಬೆಳೆಗಾರರು ಒಪ್ಪಂದಕ್ಕೆ ಸಹಿ ಹಾಕಿದರು. ಹೊಲದ ಕೂಲಿಯವರಿಗೆ ಸಂಘದ ಹಕ್ಕು ಕೊಡುವ ರಾಜ್ಯ ಕಾನೂನು 1975ರಲ್ಲಿ ಬಂತು.

ಇಂದು ಈ ಹೋರಾಟ ಎಂದರೆ ಚಾವೇಜ್ ಹೆಸರೇ ಮೊದಲು ಬರುತ್ತದೆ. ಮೊದಲು ಕೆಲಸ ಬಿಟ್ಟ ಫಿಲಿಪಿನೋಗಳಲ್ಲಿ ಬಹುಪಾಲು ವಯಸ್ಸಾದ ಒಂಟಿ ಗಂಡಸರು. ಬಿಳಿಯರನ್ನು ಮದುವೆಯಾಗಲು ಆ ರಾಜ್ಯದ ಕಾನೂನು 1948ರವರೆಗೆ ಬಿಟ್ಟಿರಲಿಲ್ಲ, ಅವರ ನಾಡಿನ ಹೆಂಗಸರು ಅಲ್ಲಿ ತೀರಾ ಕಡಿಮೆ. ಅಂಥ ಮುದುಕರು ಕೊನೆಗಾಲ ಕಳೆಯಲೆಂದು 1974ರಲ್ಲಿ ಡೆಲಾನೋದಲ್ಲಿ ಅಗ್ಬಯಾನಿ ವಿಲೇಜ್ ಎಂಬ ವಸತಿ ತೆರೆಯಿತು.

ಹಣ್ಣು ಕಾಯುವುದಿಲ್ಲ ಎಂಬುದು ಕೂಲಿಯವರ ಬಲ. ಆದರೆ ಒಬ್ಬರು ಬಿಟ್ಟ ಬುಟ್ಟಿಯನ್ನು ಇನ್ನೊಬ್ಬರು ಎತ್ತಿಕೊಂಡರೆ ಆ ಬಲ ಅಲ್ಲಿಗೇ ಮುಗಿಯಿತು. ಡೆಲಾನೋದಲ್ಲಿ ಎರಡು ನಾಡಿನವರು ಬುಟ್ಟಿ ಕೆಳಗಿಟ್ಟರು, ಪೇಟೆಯವರು ಕೊಳ್ಳುವುದನ್ನು ಬಿಟ್ಟರು. ಆದರೂ ಗೆಲ್ಲಲು ಐದು ವರ್ಷ ಬೇಕಾಯಿತು.