ಪಡ್ರೆ ಕೇಳಿದ ಪ್ರಶ್ನೆ

ಕಾಸರಗೋಡಿನ ಚರಿತ್ರೆ ಬರೆಯುವವರು ಕುಂಬಳೆಯ ಅರಸರಿಂದಲೋ ಬೇಕಲದ ಕೋಟೆಯಿಂದಲೋ ಆರಂಭಿಸಿ, 1956ಕ್ಕೆ ಬಂದು ನಿಟ್ಟುಸಿರು ಬಿಡುವುದು ವಾಡಿಕೆ. ನಾನು ಹೇಳಹೊರಟಿರುವುದು ಅದಕ್ಕಿಂತ ಈಚಿನದು. ಎಣ್ಮಕಜೆ ಪಂಚಾಯತಿನ ಪಡ್ರೆಯವರು, "ನಮಗೇನಾಗಿದೆ, ಪರೀಕ್ಷಿಸಿ ಹೇಳಿ" ಎಂದು ವಿಜ್ಞಾನಿಗಳನ್ನು ತಾವಾಗಿ ಕರೆದ ಕಥೆ.

ಅಲ್ಲಿ ಗುಡ್ಡದ ತಲೆಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಇಳಿಜಾರಿನಲ್ಲಿ ಮನೆಗಳು, ಕೆಳಗೆ ಅಡಿಕೆ ತೋಟ ಮತ್ತು ತೋಡು. ಕುಡಿಯುವ ನೀರು ಗುಡ್ಡದ ಹೊಟ್ಟೆಯೊಳಗಿಂದ ಸುರಂಗದ ಮೂಲಕ ಬರುತ್ತದೆ. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಬಾವಿಯನ್ನಾದರೆ ಮುಚ್ಚಬಹುದು. ಸುರಂಗವನ್ನು, ತೋಡನ್ನು ಮುಚ್ಚುವವರಾರು?

ಮೊದಲು ಬೆರಳೆತ್ತಿ ತೋರಿಸಿದವರು ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. 1979ರಲ್ಲಿ ಊರಿನ ಕರುಗಳು ಕಾಲು ಸೊಟ್ಟಗಾಗಿ ಹುಟ್ಟುವುದನ್ನು ಕಂಡು ಪತ್ರಿಕೆಯಲ್ಲಿ ಬರೆದರು. ಕರುವಿನ ವಿಚಾರವಲ್ಲವೇ, ಓದಿದವರು ಮರೆತರು.

ಮನುಷ್ಯರ ಸರದಿ ಬಂದಾಗ ಗಮನಿಸಿದವರು ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟು ಅಂಗವಿಕಲತೆ, ಅರ್ಬುದ, ಮನೋರೋಗ - ಇಷ್ಟು ಚಿಕ್ಕ ಊರಿಗೆ ಇಷ್ಟೊಂದೇಕೆ? ರೋಗಿಗಳ ಮನೆಗಳನ್ನು ಲೆಕ್ಕ ಹಾಕಿದರೆ ಹೆಚ್ಚಿನವು ತೋಡಿನ ಬದಿಯಲ್ಲೇ ಇದ್ದವು. ಆರಂಭದಲ್ಲಿ ಅವರು ಸಂಶಯಪಟ್ಟದ್ದು ನೀರಿನ ಖನಿಜಾಂಶಗಳನ್ನು, ಕೀಟನಾಶಕವನ್ನಲ್ಲ. ತಜ್ಞರ ಗಮನ ಸೆಳೆಯಲು ವೈದ್ಯಕೀಯ ಪತ್ರಿಕೆಗೂ ಬರೆದರು. ತಪ್ಪು ಊಹೆಯಿಂದ ಹೊರಟು ಸರಿಯಾದ ಪ್ರಶ್ನೆಗೆ ತಲುಪಿದ ಈ ಪ್ರಾಮಾಣಿಕತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

1998ರಲ್ಲಿ ಪೆರಿಯದ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಪಡ್ರೆಯವರು ಸಮಿತಿ ಕಟ್ಟಿದರು. ಅವರ ಕರೆಗೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಓಗೊಟ್ಟಿತು. ನೀರು, ಮಣ್ಣು, ಹಾಲು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ವಿಪರೀತವಾಗಿದೆಯೆಂದು 2001ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅದೇ ವರ್ಷ ಕಾರ್ಪೊರೇಶನ್ ತಮಿಳುನಾಡಿನ ಸಂಸ್ಥೆಯೊಂದರಿಂದ ಪರೀಕ್ಷೆ ಮಾಡಿಸಿತು. ರಕ್ತದಲ್ಲಿ ಏನೂ ಇಲ್ಲವೆಂದು ಉತ್ತರ! ಒಂದೇ ಊರಿನ ರಕ್ತಕ್ಕೆ ಎರಡು ವರದಿ. ರೋಗಿ ಯಾವುದನ್ನು ನಂಬಬೇಕು?

ರಾಷ್ಟ್ರೀಯ ಮಾನವ ಹಕ್ಕು ಆಯೋಗ ಕೇಳಿಕೊಂಡ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಅವರ ಕ್ರಮ ನಮ್ಮಂಥ ಬ್ಯಾಂಕಿನವರಿಗೆ ಬೇಗ ಅರ್ಥವಾಗುತ್ತದೆ. ಒಂದು ಲೆಡ್ಜರನ್ನು ಇನ್ನೊಂದರೊಡನೆ ತಾಳೆ ನೋಡದೆ ತಪ್ಪು ಸಿಗದು. ಹಾಗೆಯೇ ಪಡ್ರೆಯ ಮಕ್ಕಳನ್ನು, ಹೆಲಿಕಾಪ್ಟರ್ ಸುಳಿಯದ ಮೀಂಜ ಪಂಚಾಯತಿನ ಮಕ್ಕಳೊಡನೆ ಹೋಲಿಸಿದರು. ಪಡ್ರೆಯ 117, ಮೀಂಜದ 90 ಹುಡುಗರನ್ನು ಪರೀಕ್ಷಿಸಿದ ಫಲಿತಾಂಶ 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು: ಪಡ್ರೆಯವರಲ್ಲಿ ಪ್ರಾಯದ ಬೆಳವಣಿಗೆ ತಡವಾಗಿತ್ತು. ಸಿಂಪಡಣೆ ನಿಂತು ಹತ್ತು ತಿಂಗಳು ಕಳೆದಿದ್ದರೂ ರಕ್ತದಲ್ಲಿ ವಿಷ ಹೆಚ್ಚಿತ್ತು. ಈ ಒಂದು ಅಧ್ಯಯನದಿಂದ ಊರಿನ ಎಲ್ಲ ರೋಗಗಳಿಗೂ ಕಾರಣ ಸಿದ್ಧವಾಗುವುದಿಲ್ಲ, ವಾದವೂ ಮುಗಿಯಲಿಲ್ಲ. ಆದರೆ "ಹಳ್ಳಿಯವರ ಭ್ರಮೆ" ಎಂದು ಕೈಕೊಡವಿಕೊಳ್ಳುವುದು ಮತ್ತೆ ಸುಲಭವಿರಲಿಲ್ಲ.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ಮನೆಯಲ್ಲಿ ತುಳು, ಡಾಕ್ಟರರಲ್ಲಿ ಕನ್ನಡ, ಸರಕಾರಕ್ಕೆ ಮಲಯಾಳ, ವರದಿ ಇಂಗ್ಲಿಷಿನಲ್ಲಿ. ಒಂದು ತಾಯಿಯ ಸಂಕಟ ಇಷ್ಟು ಗಡಿ ದಾಟಬೇಕಾಯಿತು. ಅಂಬಿಕಾಸುತನ್ ಮಾಂಙಾಡ್ ಅವರ ಮಲಯಾಳ ಕಾದಂಬರಿ 'ಎನ್ಮಕಜೆ' 2009ರಲ್ಲಿ ಬಂದಾಗ, ನಮ್ಮ ಊರಿನ ಹೆಸರು ತಿರುವನಂತಪುರದ ತನಕ ಮುಟ್ಟಿತು. ನಾವು ಕನ್ನಡದವರು ಅದಕ್ಕೆ ಕೃತಜ್ಞರಾಗಿರಬೇಕು.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಅಲ್ಲಿಂದ ನಮ್ಮ ಕೌಂಟರಿನ ಕಥೆ. ಪಟ್ಟಿಯಲ್ಲಿ ಹೆಸರಿದ್ದವರು ಪಾಸ್‌ಬುಕ್ ಹಿಡಿದು ಬರುತ್ತಾರೆ, ಇಲ್ಲದವರು ಪಟ್ಟಿ ಎಲ್ಲಿ ಸಿಗುತ್ತದೆಂದು ಕೇಳಲು ಬರುತ್ತಾರೆ.

ಒಮ್ಮೆ ಒಬ್ಬ ತಾಯಿ ಮೂವತ್ತು ದಾಟಿದ ಮಗನನ್ನು ರಿಕ್ಷಾದಲ್ಲಿ ಕೂರಿಸಿ ಬಂದಿದ್ದರು. ಮಗನ ಹೆಬ್ಬೆಟ್ಟು ಒತ್ತಿಸಲು ಶಾಯಿ ಪ್ಯಾಡು ಹಿಡಿದು ನಾನೇ ಹೊರಗೆ ಹೋದೆ. ಅವನ ಬೆರಳು ಬಿಡಿಸುತ್ತಾ ಆಕೆ ಕೇಳಿದರು: "ಇಷ್ಟೆಲ್ಲ ಪರೀಕ್ಷೆ ಆಯಿತಲ್ಲ ಸಾರ್, ಇದಕ್ಕೆ ಮದ್ದು ಸಿಕ್ಕಿತೋ?"

ಇಲ್ಲವಮ್ಮ ಎಂದೆ. ಆಕೆ ಮಗನ ಬೆರಳಿನ ಶಾಯಿಯನ್ನು ಸೆರಗಿನಿಂದ ಒರೆಸಿದರು.