ಚಮ್ಮಾವುಗೆ: ಕಲ್ಯಾಣದಿಂದ ಅಥಣಿಯವರೆಗೆ

ಕೆರ, ಮೆಟ್ಟು, ಹಾವುಗೆ, ಚಮ್ಮಾವುಗೆ ಎಂದು ಪಾದರಕ್ಷೆಗೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಸಂಸ್ಕೃತದ ‘ಪಾದುಕಾ’ ಶಬ್ದವು ಪ್ರಾಕೃತದ ಹಾದಿಯಲ್ಲಿ ಸವೆದು ‘ಪಾವುಗೆ’ಯಾಯಿತು, ಪಕಾರವು ಹಕಾರವಾದಾಗ ‘ಹಾವುಗೆ’ ಎನಿಸಿತು. ಚರ್ಮದ ತದ್ಭವವಾದ ‘ಚಮ್ಮ’ವು ಅದರೊಡನೆ ಕೂಡಿ ‘ಚಮ್ಮಾವುಗೆ’ ಬಳಕೆಗೆ ಬಂದಿತು. ಈ ಶಬ್ದದೊಡನೆ ಕನ್ನಡಿಗರು ಮೊದಲು ನೆನೆಯುವ ಹೆಸರು ಹನ್ನೆರಡನೆಯ ಶತಮಾನದ ಸಮಗಾರ ಹರಳಯ್ಯನದು.

ಪರಂಪರೆ ಹೇಳುವಂತೆ, ಹರಳಯ್ಯನ ‘ಶರಣು’ ಎಂಬ ಒಂದು ವಂದನೆಗೆ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುವಂದನೆ ಸಲ್ಲಿಸಿದರು. ಅಧಿಕವಾಗಿ ಬಂದ ಆ ಗೌರವವನ್ನು ಹರಳಯ್ಯನು ಋಣವೆಂದು ಬಗೆದನು. ತಾನೂ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನು ತೆಗೆದು ಚಮ್ಮಾವುಗೆ ಮಾಡಿ ಅರ್ಪಿಸಿದರು. ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು.

ಈ ಕಥೆಯನ್ನು ಭಕ್ತಿಯ ಪರಾಕಾಷ್ಠೆಯೆಂದು ಓದುವುದು ರೂಢಿ. ಅದರೊಳಗೆ ಕಸುಬಿನ ತರ್ಕವೂ ಇದೆ. ಕೈಯಿಂದ ಮಾಡುವ ಪಾದರಕ್ಷೆ ಮೆಟ್ಟುವವನ ಅಡಿಯ ಅಳತೆಗೆ ಸಿದ್ಧವಾಗುವಂಥದು. ಒಬ್ಬನಿಗಾಗಿ ಮಾಡಿದ್ದು ಇನ್ನೊಬ್ಬನಿಗೆ ಒಗ್ಗದು. ಆದ್ದರಿಂದ ಸಮಗಾರನ ಪಾಲಿಗೆ ಋಣ ತೀರಿಸಲು ಇದಕ್ಕಿಂತ ಆಪ್ತವಾದ ಕಾಣಿಕೆ ಇರಲಿಲ್ಲ. ಶರಣರ ಬಳಗದಲ್ಲಿ ಈ ಕಸುಬಿನ ಎರಡು ಹಂತಗಳೂ ಕಾಣುತ್ತವೆ: ಡೋಹರ ಕಕ್ಕಯ್ಯನದು ತೊಗಲು ಹದಮಾಡುವ ಕುಲ, ಹರಳಯ್ಯನದು ಅದನ್ನು ಕತ್ತರಿಸಿ ಹೊಲಿಯುವ ಕುಲ.

ಆದರೆ ಚಮ್ಮಾವುಗೆಯನ್ನು ತಲೆಯ ಮೇಲೆ ಹೊತ್ತ ಕಲ್ಯಾಣವೇ ಅದನ್ನು ಮಾಡಿದವನ ಸಮಾನತೆಯನ್ನು ಸಹಿಸಲಿಲ್ಲ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹಕ್ಕಾಗಿ ಇಬ್ಬರು ತಂದೆಯರಿಗೂ ಬಿಜ್ಜಳನು ಎಳೆಹೂಟೆಯ ಶಿಕ್ಷೆ ವಿಧಿಸಿದನೆಂದು ಪುರಾಣಗಳು ಹೇಳುತ್ತವೆ.

ಕಸುಬು ಮಾತ್ರ ಅಳಿಯಲಿಲ್ಲ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಪರಿಸರದಲ್ಲಿ ಸಮಗಾರ ಕುಟುಂಬಗಳು ಇಂದಿಗೂ ಚಪ್ಪಲಿ ಹೊಲಿಯುತ್ತವೆ. ಸಾಂಪ್ರದಾಯಿಕ ಕ್ರಮದಲ್ಲಿ ತೊಗಲನ್ನು ಚೀಲದಂತೆ ಹೊಲಿದು ತೂಗುಹಾಕಿ, ಜಾಲಿಯ ತೊಗಟೆ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಅದರಲ್ಲಿ ತುಂಬುತ್ತಾರೆ. ಆ ಒಗರು ಒಳಗಿಳಿದು ತೊಗಲನ್ನು ಕೊಳೆಯದಂತೆ ಕಾಯುತ್ತದೆ. ಅಡಿಗೆ ಎಮ್ಮೆಯ ಗಟ್ಟಿ ತೊಗಲು. ಪದರಗಳನ್ನು ಬಂಧಿಸುವುದು ಮೊಳೆಯಲ್ಲ, ತೊಗಲಿನದೇ ದಾರ. ಕತ್ತರಿಸುವ ಕೆಲಸ ಹೆಚ್ಚಾಗಿ ಗಂಡಸರದು. ಹೆಣಿಗೆ, ಅಲಂಕಾರ ಹೆಂಗಸರದು. ಹರಳಯ್ಯ ದಂಪತಿಗಳ ಕಥೆಯಲ್ಲಿ ಪತ್ನಿಗೂ ಸಮಪಾಲಿರುವುದು ಈ ದುಡಿಮೆಯ ಕ್ರಮಕ್ಕೆ ಹೊಂದುವಂತಿದೆ.

ಇಲ್ಲಿ ಹೊಲಿದ ಚಪ್ಪಲಿ ಮಾರಾಟದ ಊರಿನಿಂದ ‘ಕೊಲ್ಹಾಪುರಿ’ ಎಂಬ ಹೆಸರು ಪಡೆಯಿತು. 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯು ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳನ್ನೂ ಒಳಗೊಂಡಿತು. ಹೆಸರು ಮಾತ್ರ ಕೊಲ್ಹಾಪುರದ್ದಾಗಿಯೇ ಉಳಿಯಿತು. ವಸ್ತುವಿಗೆ ಸಂದ ಮನ್ನಣೆ ಮಾಡಿದ ಕೈಗೆ ಸಲ್ಲದಿರುವುದು ಕಲ್ಯಾಣದ ಕಾಲಕ್ಕೇ ಮುಗಿದ ಸಂಗತಿಯಲ್ಲ.