ಮಗ್ಗದ ಪಕ್ಕದ ಪಾಠ: ಸೊಲ್ಲಾಪುರದ ಗಿರಣಿಗಳಲ್ಲಿ ಕೆಲಸ ಕಲಿತ ಬಗೆ

ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ 1877ರಲ್ಲಿ ಕೆಲಸ ಆರಂಭಿಸಿದಾಗ ಸುತ್ತಲಿನ ನಾಡು ಭೀಕರ ಕ್ಷಾಮಕ್ಕೆ ಸಿಕ್ಕಿತ್ತು. ಮುಂದೆ ‘ಹಳೆಯ ಗಿರಣಿ’ ಎಂದು ಜನರ ಬಾಯಲ್ಲಿ ಉಳಿದ ಈ ಕಾರ್ಖಾನೆಗೂ ಅನಂತರ ತಲೆಯೆತ್ತಿದ ಗಿರಣಿಗಳಿಗೂ ದುಡಿಯುವ ಕೈಗಳು ಬಂದದ್ದು ಮರಾಠಿ, ಕನ್ನಡ, ತೆಲುಗು, ಉರ್ದು ಮನೆಮಾತಿನ ಕುಟುಂಬಗಳಿಂದ. ಸಿದ್ಧರಾಮನ ಸೊನ್ನಲಿಗೆಗೆ ಕೈಮಗ್ಗ ಹೊಸದಲ್ಲ, ಯಂತ್ರಮಗ್ಗ ಹೊಸದು. ಅದನ್ನು ನಡೆಸುವ ವಿದ್ಯೆ ಈ ಜನರಿಗೆ ದಕ್ಕಿದ್ದು ಹೇಗೆ ಎಂಬುದನ್ನು ಗಿರಣಿಗಳ ಚರಿತ್ರೆ ವಿರಳವಾಗಿ ಕೇಳಿದೆ. ಬಂಡವಾಳ, ಕೂಲಿ, ಮುಷ್ಕರಗಳಿಗೆ ದೊರೆತ ಗಮನ ಕಲಿಕೆಗೆ ದೊರೆತಿಲ್ಲ.

ವಿಟ್ಲೆಯವರ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗ 1931ರ ವರದಿಯಲ್ಲಿ ಭಾರತದ ಕಾರ್ಖಾನೆಗಳ ಜಾಬರನನ್ನು ಕುರಿತು ವಿವರವಾಗಿ ಬರೆಯಿತು. ಆತ ಅನುಭವದಿಂದ ಮೇಲೇರಿದ ಕೆಲಸಗಾರ. ಆಳುಗಳನ್ನು ತರುವವನೂ ಅವನೇ, ಮೇಲ್ವಿಚಾರಣೆ ಮಾಡುವವನೂ ಅವನೇ, ಯಂತ್ರ ಕೆಟ್ಟರೆ ಕೈಹಚ್ಚುವವನೂ ಅವನೇ. ಹೊಸಬರಿಗೆ ತಾಂತ್ರಿಕ ತರಬೇತಿ ಎಂಬುದು ಏನಾದರೂ ಇದ್ದರೆ ಅದೂ ಅವನ ಪಾಲಿಗೇ ಬಿಟ್ಟದ್ದು. ಕೆಲಸ ಕೊಡಿಸಲು, ಕೊಡಿಸಿದ್ದನ್ನು ಉಳಿಸಲು ಅವನು ಪಡೆಯುತ್ತಿದ್ದ ಲಂಚವನ್ನೂ ಆಯೋಗ ಗುರುತಿಸಿತು. ಗುರುದಕ್ಷಿಣೆ ಪಾಠಕ್ಕೆ ಮೊದಲೇ ಸಲ್ಲುತ್ತಿತ್ತೆನ್ನಬೇಕು.

ಆದರೆ ದಿನನಿತ್ಯದ ಪಾಠ ಜಾಬರನಿಗಿಂತ ಹೆಚ್ಚಾಗಿ ಪಕ್ಕದ ಮಗ್ಗದವನಿಂದ ಬರುವಂಥದು. ಅಣ್ಣನದೋ ಮಾವನದೋ ಮಗ್ಗದ ಬಳಿ ನಿಂತು ಹುಡುಗ ಮೊದಲು ನೋಡುತ್ತಾನೆ, ಕಂಡಿಕೆ ತಂದುಕೊಡುತ್ತಾನೆ, ಕಡಿದ ಎಳೆಗೆ ಗಂಟು ಹಾಕುವುದನ್ನು ಬೆರಳಿಗೆ ಕಲಿಸಿಕೊಳ್ಳುತ್ತಾನೆ. ಖಾಯಂ ಕೆಲಸಗಾರ ಬಾರದ ದಿನ ಬದಲಿಯಾಗಿ ನಿಲ್ಲುತ್ತಾನೆ. ನೂರಾರು ಮಗ್ಗಗಳ ಅಬ್ಬರದಲ್ಲಿ ಮಾತು ಕೇಳದು. ಕಣ್ಣು, ಕೈಸನ್ನೆ, ಮಗ್ಗದ ಸದ್ದಿನಲ್ಲಾದ ಸಣ್ಣ ವ್ಯತ್ಯಾಸ ಇವೇ ಅಲ್ಲಿನ ಭಾಷೆ. ಸದ್ದು ಬದಲಾದೊಡನೆ ಎಲ್ಲೋ ಎಳೆ ಕಡಿಯಿತೆಂದು ಅರಿಯುವ ಕಿವಿಯನ್ನು ಯಾವ ಕೈಪಿಡಿಯೂ ಕೊಡಲಾರದು. ಕೆಡುಕೂ ಇದೇ ದಾರಿಯಲ್ಲಿ ಹರಿಯಿತು. ಲಾಳಿಯ ಕಣ್ಣಿಗೆ ಬಾಯಿಟ್ಟು ಎಳೆಯನ್ನು ಹೀರಿ ಹೊರತೆಗೆಯುವ ಅಭ್ಯಾಸ ಹತ್ತಿಯ ಧೂಳನ್ನು ಎದೆಗೂ ಒಬ್ಬರ ಎಂಜಲನ್ನು ಇನ್ನೊಬ್ಬರ ಬಾಯಿಗೂ ಒಯ್ದಿತು.

ಈ ಎಂಜಲೇ ಕಲಿಕೆಯ ಬಾಗಿಲನ್ನೂ ಮುಚ್ಚಿತೆಂಬುದಕ್ಕೆ ಮುಂಬಯಿಯ ಗಿರಣಿಗಳು ಸಾಕ್ಷಿ. ಅಲ್ಲಿ ಹೆಚ್ಚು ಕೂಲಿಯ ನೇಯ್ಗೆ ವಿಭಾಗಕ್ಕೆ ದಲಿತರನ್ನು ಸೇರಿಸುತ್ತಿರಲಿಲ್ಲ. ಅವರು ಬಾಯಿಟ್ಟ ಲಾಳಿಯನ್ನು ತಾವು ಮುಟ್ಟೆವೆಂಬುದು ಸವರ್ಣ ನೇಕಾರರ ವಾದ. 1928ರ ಮಹಾಮುಷ್ಕರದ ಸಂದರ್ಭದಲ್ಲಿ ಅಂಬೇಡ್ಕರ್ ಈ ತಡೆಯನ್ನು ಪ್ರಶ್ನಿಸಿದರು. ಕಲಿಕೆ ಸಮುದಾಯದೊಳಗಿನ ಪಾಲ್ಗೊಳ್ಳುವಿಕೆಯೆಂದು 1991ರಲ್ಲಿ ಪ್ರತಿಪಾದಿಸಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅವರ ಕೃತಿಯನ್ನು ಇಂದು ಕೆಲಸದ ಸ್ಥಳದ ಕಲಿಕೆಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಅನುಭವಿಗಳ ಕೆಲಸ ಕಣ್ಣಿಗೆ ಬೀಳದ ಕಡೆ ದುಡಿದ ಮಾಂಸದಂಗಡಿಯ ಉಮೇದುವಾರರ ಉದಾಹರಣೆಯೂ ಅದರಲ್ಲಿದೆ ಎಂಬುದನ್ನು ಹಲವರು ಮರೆಯುತ್ತಾರೆ. ನೋಡಲು ಬಿಡದಿದ್ದರೆ ಕಲಿಯಲು ಬಿಡದಂತೆಯೇ. ಯಂತ್ರಮಗ್ಗದ ಬಳಿ ನಿಲ್ಲುವ ಹಕ್ಕು ಜಾತಿ, ನಂಟು, ಮನೆಮಾತುಗಳ ಜಾಲದಲ್ಲಿ ಸಿಗುತ್ತಿದ್ದುದರಿಂದ ಅನೌಪಚಾರಿಕ ಕಲಿಕೆಯನ್ನು ಬರಿಯ ಸೌಹಾರ್ದದ ಕಥೆಯಾಗಿ ಓದಲಾಗದು. ಹಾಗೆಂದು ಅದರ ಸತ್ವವನ್ನು ಅಲ್ಲಗಳೆಯುವುದೂ ಸಲ್ಲದು. ಬೇರೆ ಶಾಲೆ ಕಾಣದ ಸಾವಿರಾರು ಜನರ ಕೈಗೆ ಕಸುಬು ಬಂದದ್ದು ಅದರಿಂದಲೇ.

ಸೊಲ್ಲಾಪುರದ ಹಳೆಯ ಗಿರಣಿ 1949ರ ಆಗಸ್ಟಿನಲ್ಲಿ ಮುಚ್ಚಿತು. 1950ರ ಜನವರಿಯಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಅದರ ಆಡಳಿತವನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ಕಾನೂನೂ ಆಯಿತು. ಪಾಲುದಾರರ ಆಸ್ತಿಹಕ್ಕಿನ ಪ್ರಶ್ನೆಯಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಈ ಪ್ರಕರಣವನ್ನು ಸಂವಿಧಾನದ ವಿದ್ಯಾರ್ಥಿಗಳು ಬಲ್ಲರು. ಕಾನೂನಿನ ಪೀಠಿಕೆ ಕೊಟ್ಟ ಕಾರಣಗಳು ದುರಾಡಳಿತ, ಅವಶ್ಯಕ ವಸ್ತುವಿನ ಉತ್ಪಾದನೆಗೆ ಧಕ್ಕೆ, ಸಮಾಜದ ಒಂದು ವರ್ಗದಲ್ಲಿ ತೀವ್ರ ನಿರುದ್ಯೋಗ. ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಅಣ್ಣನ ಮಗ್ಗದ ಪಕ್ಕ ನಿಲ್ಲುವ ಜಾಗವೂ ಇಲ್ಲವಾಗಿತ್ತು. ಆ ನಷ್ಟಕ್ಕೆ ಪೀಠಿಕೆಯಲ್ಲಿ ಹೆಸರಿಲ್ಲ.